ನಕಲಿನಲ್ಲಿ ಇಲ್ಲದ ಕಲೆ

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಆಸ್ಪತ್ರೆಯ ಕಂಪ್ಯೂಟರುಗಳನ್ನು ದುರಸ್ತಿ ಮಾಡುವವಳು, ದೆವ್ವವೆಂದರೆ ನಗುತ್ತಿದ್ದವಳು.

ಆ ರಾತ್ರಿ ಮನೆಗೆ ಹೊರಟವಳು ಆಸ್ಪತ್ರೆಯ ಹಿಂದಿನ ಹಾಳುಬಾವಿ ದಾಟುತ್ತಿದ್ದಾಗ ಸರ್ಜನ್ನರ ಫೋನು. ಅವಳ ಸ್ವಂತ ಅಕ್ಕನೇ ವಾರ್ಡಿನಲ್ಲಿದ್ದಳು. ಶ್ವಾಸಕೋಶದಲ್ಲಿ ಅಂಗಿಗುಂಡಿಯಗಲದ ಬಿಳಿ ಕಲೆ.

"ಹತ್ತು ವರ್ಷದ ಹಿಂದಿನ ಎಕ್ಸ್‌ರೇಲೂ ಅದು ಇದ್ರೆ ಕೊಯ್ಯೋದು ಬೇಡ. ಇಲ್ಲದಿದ್ರೆ ಬೆಳಿಗ್ಗೆ ಏಳಕ್ಕೇ ಆಪರೇಷನ್. ಹುಡುಕಿ ಕೊಡಮ್ಮ."

ಬಾವಿಯ ಪಕ್ಕದಲ್ಲೇ ಹಳೆಯ ದಾಖಲೆಗಳ ಕೋಣೆ. ಕಾವಲುಗಾರ ಬೀಗ ತೆಗೆದ, ಒಳಗೆ ಬರಲಿಲ್ಲ.

"ಯಾಕಪ್ಪ, ಕಾಲಿಗೆ ಗಂಟು ಬಿತ್ತಾ?"

"ನನ್ ಕೆಲಸ ಹೊಸ್ತಿಲವರೆಗೆ ಅಷ್ಟೇ ಕಣಮ್ಮ..." ಪಿಸುಗುಟ್ಟಿ ಹೊರಟೇಹೋದ.

ಆ ಎಕ್ಸ್‌ರೇಗಳನ್ನು ತೋರಿಸುವ ಹಳೆಯ ಪ್ರೋಗ್ರಾಂ ಹೊಸ ಯಂತ್ರಕ್ಕೆ ಒಗ್ಗದು. ನಡುವೆ ದುಭಾಷಿಯಂತೆ ಇನ್ನೊಂದು ಸಾಫ್ಟ್‌ವೇರ್ ಕೂಡಿಸಿ ನಡೆಸಬೇಕು. ನಡೆಸಿದಳು. ಕಿರ್ರ್... ಡಿಸ್ಕು ತಿರುಗಿತು. ಚಿತ್ರದ ತುಂಬ ಹಸಿರು ಪಟ್ಟೆ. ಬಣ್ಣಗಳ ಸಂಖ್ಯೆ ಇಳಿಸಿದಳು. ಗ್ರಾಫಿಕ್ಸ್ ಕಾರ್ಡಿನ ನೆರವು ತಪ್ಪಿಸಿದಳು. ಪಟ್ಟೆಗಳು ಒಂದೊಂದಾಗಿ ಕಳಚಿದವು. ಅಕ್ಕನ ಪಕ್ಕೆಲುಬುಗಳು... ಎಡಕ್ಕೆ, ಬಿಳಿ ಕಲೆ!

ಹಿಗ್ಗಿ ಫೋನ್ ಮಾಡಿದಳು. "ಅಕ್ಕಾ, ಕಲೆ ಹಳೇದೇ! ಬಚಾವಾದೆ ಕಣೇ!"

"ಹಾಗಾದ್ರೆ ಬೆಳಿಗ್ಗೆ ತಿಂಡಿ ಕೊಡ್ತಾರಾ? ಮೊದಲು ಅದನ್ನ ಕೇಳು."

ಆದರೂ ಕಸುಬಿನ ಅಭ್ಯಾಸ ಬಿಡಬೇಕಲ್ಲ. ಪರದೆಯ ನಕಲು, ಅಂದರೆ ಸ್ಕ್ರೀನ್‌ಶಾಟ್, ತೆಗೆದು ತನ್ನ ಫೋನಿನಲ್ಲಿ ನೋಡಿದಳು. ಕಲೆ ಇಲ್ಲ. ಹಾಗಾದರೆ ದೋಷ ಪ್ರೋಗ್ರಾಮಿನದಲ್ಲ, ಮಾನಿಟರಿನದು. ಬೇರೆ ಮಾನಿಟರ್ ಜೋಡಿಸಿದಳು. ಟಕ್... ಬೆಳಕು ಬಂತು.

ಕಲೆ ಅಲ್ಲೇ ಇತ್ತು.

ಚಿತ್ರವನ್ನು ಪಕ್ಕಕ್ಕೆಳೆದಳು. ಪಕ್ಕೆಲುಬುಗಳು ಸರಿದವು. ಕಲೆ ಸರಿಯಲಿಲ್ಲ. ತಲೆ ವಾಲಿಸಿದಳು. ಕಲೆಯೂ ನಿಧಾನಕ್ಕೆ... ವಾಲಿತು.

ಅದು ಗಾಜಿನ ಮೇಲಿನ ಪ್ರತಿಬಿಂಬ. ಅವಳ ಹೆಗಲಿನ ಹಿಂದೆ ಇನ್ನೊಂದು ಮುಖ.

"ಯಾ... ಯಾರು?"

ಕಿವಿಯ ಬಳಿ, ಒಣಗಿದ ಗಂಟಲಿನಿಂದ ಉಸಿರೆಳೆದ ಸದ್ದು. ಸ್ಸ್...

ಎದ್ದು ಓಡಬಹುದಿತ್ತು. ಆದರೆ ಅಕ್ಕನಿಗೆ ಹೇಳಿದ್ದು ಸುಳ್ಳಾಗಿತ್ತು. ಆ ಸುಳ್ಳು ನಿಂತರೆ ಅಕ್ಕ ಉಳಿಯುವಂತಿರಲಿಲ್ಲ. ಹಿಂದಕ್ಕೆ ತಿರುಗದೆ ಸರ್ಜನ್ನರಿಗೆ ನಕಲು ಕಳಿಸಿದಳು. "ಆಗ ಕಲೆ ಇರಲಿಲ್ಲ. ಆಪರೇಷನ್ ಮಾಡಿ." ಆಮೇಲೆ ಓಡಿದಳು... ಚಪ್ಪಲಿಯೂ ಇಲ್ಲದೆ.

ಏಳಕ್ಕೆ ಆಪರೇಷನ್ ಆಯಿತು. ಅಕ್ಕ ಇಂದಿಗೂ ಗಟ್ಟಿಯಾಗಿದ್ದಾಳೆ, ಬೇಕಾದರೆ ಹೋಗಿ ಕೇಳಿ.

ನಂಬದಿದ್ದರೆ ಬಿಡಿ. ಆ ಕೋಣೆಯನ್ನು ಹಗಲಲ್ಲಿ ನಾನೇ ಹೋಗಿ ನೋಡಿದ್ದೇನೆ. ಅವಳು ಕೂತಿದ್ದ ಬೆಂಚನ್ನು ಮೊದಲಿಂದಲೂ ಗೋಡೆಗೇ ಬಿಗಿದಿದ್ದಾರೆ. ಕೂತರೆ ಬೆನ್ನಿಗೆ ಗೋಡೆ ತಾಗುತ್ತದೆ.