ಜೀಪಿನಡಿ ಮಲಗಿದ್ದವನು

ಇದು ಕಟ್ಟುಕತೆ ಅಲ್ಲ. ನಮ್ಮ ದೊಡ್ಡಪ್ಪನ ಮಗ ಮರುಳಪ್ಪನಿಗೆ ಹೋದ ಪುಷ್ಯದ ಚಳಿಯಲ್ಲಿ ಆದದ್ದು.

ಆ ರಾತ್ರಿ ಅವನು ಮಾಯಸಂದ್ರದಿಂದ ಬರಿಗೈಯಲ್ಲಿ ನಡೆದು ಬರುತ್ತಿದ್ದ. ಬರಿಗೈ ಅಂತ ಯಾಕೆ ಹೇಳಿದೆನೆಂದರೆ, ಹೋಗಿದ್ದೇ ಬ್ರೇಕ್ ಆಯಿಲ್ ತರಲು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವರಪ್ಪನ ಕಾಲದ ಜೀಪು ಪಾಳುಬಾವಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬದುವಿಗೆ ಮೂತಿ ಗುದ್ದಿ ನಿಂತಿತ್ತು. ಬೆಳಗ್ಗೆ ಅದೇ ಜೀಪಿನಲ್ಲಿ ತಾಯಿ ಬೋರಮ್ಮನನ್ನು ತಿಪಟೂರಿಗೆ, ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಒಂದು ಸರದಿ ತಪ್ಪಿದರೂ ಆಕೆಗೆ ಉಸಿರು ಕಟ್ಟುತ್ತದೆ. ಬಸ್ಸಿನಲ್ಲಿ ಕೂರಲಾರಳು.

ತಪ್ಪು ಅವನದೇ. ಸಂಜೆ ನೋಡಿದರೆ ಬ್ರೇಕ್ ಆಯಿಲ್ ತಳ ಕಂಡಿತ್ತು. ನಮ್ಮ ಕಡೆ ಕೊಬ್ಬರಿ ಎಣ್ಣೆ ಯಾವುದಕ್ಕೆ ಬೇಡ? ತಲೆಗೆ, ಬಾಗಿಲಿಗೆ, ಸೈಕಲ್ ಚೈನಿಗೆ, ಎತ್ತಿನ ಹೆಗಲ ಹುಣ್ಣಿಗೆ. "ಎಣ್ಣೆ ಎಣ್ಣೇನೇ ಬುಡು" ಅಂತ ಅದನ್ನೇ ಹುಯ್ದಿದ್ದ. ಚಳಿಗೆ ಅದು ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ್ದು ಕೆಳಗಿಳಿಯದು. ಪೈಪಿಗೆ ಗಾಳಿ ಸೇರುತ್ತದೆ. ಗಾಳಿ ಸೇರಿದರೆ ಪೆಡಲ್ ತುಳಿದಷ್ಟೂ ನೆಲಕ್ಕೆ ಹೋಗುತ್ತದೆ, ಅಷ್ಟೇ.

ತುರುವೇಕೆರೆಯ ಮೆಕ್ಯಾನಿಕ್ ಮುಜಾಫರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಪ್ರತಿಸಲವೂ ಒಂದೇ ಮಾತು: "ಬತ್ತೀನಿ ಕಣಣ್ಣ."

ಬಾವಿ ಹತ್ತಿರ ಬಂದಾಗ ಸದ್ದು ಕೇಳಿಸಿತು. ಟಿಣ್... ಟಿಣ್... ಸ್ಪ್ಯಾನರ್ ಕಬ್ಬಿಣಕ್ಕೆ ತಾಗುವ ಸದ್ದು. ಜೀಪಿನಡಿಯಿಂದ ಎರಡು ಪಾದ ಆಚೆ ಚಾಚಿದ್ದವು.

"ಈಗ ಬಂದ್ಯಾ? ಮದುಮಗನ ಥರ ಕರೆಸ್ಕೋತೀಯಲ್ಲೋ!" ಮರುಳಪ್ಪ ಸಿಟ್ಟಿನಲ್ಲಿ ಟೈರಿಗೆ ಒದ್ದ.

"ಮೇಲೆ ಹತ್ತು..." ಅಡಿಯಿಂದ ಪಿಸುದನಿ. "ತುಳಿ."

ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬ ಚಕ್ರದ ಹಿಂದಿನ ನಿಪ್ಪಲ್ ಅನ್ನೋ ಸಣ್ಣ ತಿರುಪು ಸಡಿಲಿಸಬೇಕು. ಮರುಳಪ್ಪ ಹತ್ತಿ ಕೂತ.

"ತುಳಿ... ಹಿಡ್ಕೋ..."

ಚುಸ್ಸ್... ಗಾಳಿ ಹೊರಟಿತು. ಟಿಣ್.

"ಬುಡು."

ಹೀಗೇ ನಡೆಯಿತು. ಮತ್ತೆ ಮತ್ತೆ. ಕಾಲು ಸೋತಿತು.

"ಏನು ಹುಯ್ದೆ ಇದಕ್ಕೆ?"

"ಕೊಬ್ಬರಿ ಎಣ್ಣೆ ಕಣಯ್ಯ. ಬೈಬ್ಯಾಡ, ನಂಗೇ ತಲೆ ಕೆಟ್ಟೋಗೈತೆ."

ಟಿಣ್...

"ನಾನೂ ಅದನ್ನೇ ಹುಯ್ದಿದ್ದೆ. ಇದೇ ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ."

"ಮೆಕ್ಯಾನಿಕ್ ಆಗಿ ನೀನೂನಾ? ಸರಿಹೋಯ್ತು!"

"ತುಳಿ... ಹಿಡ್ಕೋ..."

ಚುಸ್ಸ್... ಆಗಲೇ ಜೇಬಿನ ಫೋನ್ ರಿಂಗಾಯಿತು.

"ಮರುಳಪ್ಪಣ್ಣ, ಬೈಬ್ಯಾಡ ಕಣಣ್ಣ," ಮುಜಾಫರ್‌ನ ದನಿ. "ಈಗ ಮನೆ ಬಿಟ್ಟೆ. ಆಯಿಲ್ ತತ್ತಾ ಇದೀನಿ."

ಮರುಳಪ್ಪ ಬಗ್ಗಿ ನೋಡಿದರೆ ಆ ಎರಡು ಪಾದ ಅಲ್ಲೇ ಇದ್ದವು. ಕೆಳಗಿನಿಂದ ಅದೇ ಪಿಸುದನಿ...

"ಕಾಲು ತೆಗೀಬ್ಯಾಡ."

ಹಾರಿ ಓಡಬಹುದಿತ್ತು. ಆದರೆ ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಹೋದ ಗಾಳಿಯೆಲ್ಲ ಮತ್ತೆ ಒಳಗೆ ಬರುತ್ತದೆ. ಇಷ್ಟೊತ್ತು ಪಟ್ಟ ಪಾಡು ಮಣ್ಣುಪಾಲು. ಬೆಳಗ್ಗೆ ಅವ್ವ?... ಮರುಳಪ್ಪ ಹಲ್ಲು ಕಚ್ಚಿ ತುಳಿದೇ ಕೂತ. ಫೋನ್ ಕೈಯಿಂದ ಜಾರಿತು.

ಟಿಣ್.

"...ಬುಡು."

ಅಷ್ಟೇ.

ಮುಜಾಫರ್ ಬಂದಾಗಲೂ ಮರುಳಪ್ಪ ಸೀಟಿನಿಂದ ಇಳಿದಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಅಡಿಯಲ್ಲಿ ಯಾರೂ ಇಲ್ಲ. ಮುಜಾಫರ್ ಪೆಡಲ್ ತುಳಿದ. ಕಲ್ಲಿನಷ್ಟು ಗಟ್ಟಿ. ನಂಬಿಕೆ ಬರದೆ ಅದೇ ಇಳಿಜಾರಿನಲ್ಲಿ ಓಡಿಸಿ, ಬ್ರೇಕ್ ಹಿಡಿದು ನೋಡಿದ. ಜೀಪು ನಿಂತಿತು. "ಬ್ರೇಕು ಹೋಗೈತೆ ಅಂತ ಯಾರಣ್ಣ ಹೇಳಿದ್ದು?" ಅಂತ ಅವನೇ ರೇಗಿದ.

ಬೋರಮ್ಮ ಹೊತ್ತಿಗೆ ಸರಿಯಾಗಿ ತಿಪಟೂರು ಸೇರಿದಳು.

ಆ ಮಧ್ಯಾಹ್ನ ಕೊಬ್ಬರಿ ಎಣ್ಣೆ ತೊಳೆದು ತೆಗೆಯಲು ಜೀಪನ್ನು ಗ್ಯಾರೇಜಿಗೆ ಬಿಟ್ಟರು. ನಾನೂ ಅಲ್ಲೇ ಇದ್ದೆ, ಕಣ್ಣಾರೆ ಕಂಡಿದ್ದೇನೆ. ನಾಲ್ಕೂ ನಿಪ್ಪಲ್ ಹಳೇ ಬಣ್ಣದಡಿ ತುಕ್ಕು ಹಿಡಿದು ಕೂತಿದ್ದವು. ಬಣ್ಣ ಒಂದು ಕಡೆಯೂ ಬಿರಿದಿರಲಿಲ್ಲ, ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ. ಬೇಕಾದರೆ ಮುಜಾಫರ್‌ನನ್ನೇ ಕೇಳಿ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿದ ಮೇಲೇ ಅವು ತಿರುಗಿದ್ದು.