ಸುಣ್ಣದವನ ಗಂಟು

ಇದು ನಮ್ಮ ಪಕ್ಕದ ಮನೆ ಬರ್ಟಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಅಷ್ಟೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಮಧ್ಯದಲ್ಲಿ ನಗಬೇಡಿ. ನಗುವವರು ಈಗಲೇ ಎದ್ದು ಹೋಗಿ ಮಲಗಬಹುದು.

ಅಕ್ಟೋಬರ್ ತಿಂಗಳ ರಾತ್ರಿ. ಊರಾಚೆ, ಕಾರಿನಲ್ಲೇ ಕೂತು ನೋಡುವ ಬಯಲು ಟಾಕೀಸಿನಲ್ಲಿ ಸಿನಿಮಾ ಇನ್ನೂ ಮುಗಿದಿರಲಿಲ್ಲ. ಬರ್ಟಿ ಒಬ್ಬಳೇ ಎದ್ದು ಹಳೇ ಸುಣ್ಣಕಲ್ಲಿನ ಗಣಿಯ ಪಕ್ಕದ ದಾರಿ ಹಿಡಿದು ಮನೆಗೆ ಬರುತ್ತಿದ್ದಳು. ಒಂದು ಕಡೆ ಮರಗಳು. ಇನ್ನೊಂದು ಕಡೆ ತಂತಿ ಬೇಲಿ. ಬೇಲಿಯಾಚೆ ಗಣಿಯ ಗುಂಡಿ, ಅದರ ತುಂಬ ನೀರು. ಉದುರಿದ ಎಲೆ ಕಾಲಡಿಯಲ್ಲಿ ಚರಕ್ ಚರಕ್ ಎನ್ನುತ್ತಿತ್ತು. ಬೇರೆ ಸದ್ದಿಲ್ಲ...

ಮುಗಿಯುವ ಮೊದಲೇ ಯಾಕೆ ಎದ್ದು ಬಂದಳು ಅಂತ ಕೇಳುತ್ತೀರಿ. ಅದನ್ನು ಹೇಳದೆ ಮುಂದಿನದು ಹೇಳಿ ಪ್ರಯೋಜನವಿಲ್ಲ.

ಪೆನ್ಸಿಲ್ವೇನಿಯಾದ ನಮ್ಮ ಈ ಗಣಿ ಊರಿಗೆ, ಬರ್ಟಿ ಇನ್ನೂ ಹುಡುಗಿಯಾಗಿದ್ದಾಗ, ಪಟ್ಟಣದಿಂದ ಒಂದಷ್ಟು ಜನ ಬಂದು ಸಿನಿಮಾ ತೆಗೆದರು. ಮುಖಕ್ಕೆ ಚೀಲ ಹಾಕಿಕೊಂಡು, ಕೈಯಲ್ಲಿ ಪಿಕಾಸಿ ಹಿಡಿದು, ಒಂದು ಮಾತೂ ಆಡದೆ ನಿಧಾನಕ್ಕೆ ನಡೆದು ಬಂದು ಕೊಲ್ಲುವವನ ಕತೆ. ಅವನ ಹೆಸರು ಸುಣ್ಣದವ. ಆ ವೇಷ ಹಾಕಿದವನು ಬರ್ಟಿಯ ಅಣ್ಣ ಲೈಲ್. ಗಣಿಯಲ್ಲಿ ಕಲ್ಲು ಬಿದ್ದು ಅವನ ಬಲಗಾಲು ಎಳೆಯುತ್ತಿತ್ತು. ಆ ಎಳೆತ ನೋಡಿಯೇ ಅವನನ್ನು ಆರಿಸಿದ್ದು.

ಚೀಲ ಹೊಲಿದುಕೊಟ್ಟವಳು ಬರ್ಟಿ. ಹಿಟ್ಟಿನ ಚೀಲ, ಎರಡು ಕಣ್ಣಿನ ತೂತು, ಕುತ್ತಿಗೆಗೆ ಲಾಡಿ, ಮೇಲೆ ಸುಣ್ಣ. ಬಿಳಿ ದಾರ ಮುಗಿದುಹೋಗಿ ಹಿಂಭಾಗದ ಅಂಚನ್ನು ನೀಲಿ ದಾರದಲ್ಲಿ ಮುಗಿಸಿದಳು. ಕೋಟಿನ ಕಾಲರಿನೊಳಗೆ ಹೋಗುವ ಜಾಗ, ಯಾರಿಗೆ ಕಾಣುತ್ತೆ? ಅಣ್ಣ ತಂಗಿ ಇಬ್ಬರನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ.

ಮೊದಲು ಬರೆದ ಕತೆಯಲ್ಲಿ ಸುಣ್ಣದವ ಕೊನೆಗೆ ಸಾಯುತ್ತಿದ್ದ. ಎಲ್ಲ ಮುಗಿದ ಮೇಲೆ ನಿರ್ದೇಶಕನಿಗೆ ಆಸೆ ಹತ್ತಿತು. ಇವನು ಸತ್ತರೆ ಎರಡನೇ ಭಾಗ ತೆಗೆಯುವುದು ಹೇಗೆ? ಗಣಿಯ ನೀರಿಗೆ ಇಳಿದು ಮಾಯವಾಗಲಿ, ಸತ್ತನೋ ಬದುಕಿದನೋ ತಿಳಿಯದಿರಲಿ ಅಂದ. ಲಾಡಿ ಪದೇ ಪದೇ ಸಡಿಲವಾಗುತ್ತಿತ್ತು. ಲೈಲ್ ತಂಗಿಗೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ನಿಂತ.

"ಗಟ್ಟಿಯಾಗಿ ಕಟ್ಟೇ ಬರ್ಟಿ. ನೀರಲ್ಲಿ ಬಿಚ್ಕೊಂಡು ಹೋದೀತು."

ಬರ್ಟಿ ಗಂಟಿನ ಮೇಲೊಂದು ಗಂಟು ಹಾಕಿದಳು. ಲೈಲ್ ನೀರಿಗಿಳಿದ. ಸೊಂಟ ಮುಳುಗಿತು, ಎದೆ ಮುಳುಗಿತು, ಬಿಳಿ ಚೀಲವೂ ಮುಳುಗಿತು... ಚೆನ್ನಾಗಿ ಉಸಿರು ಹಿಡೀತಾನೆ ಕಣ್ರೋ ಅಂತ ದಡದಲ್ಲಿ ಮಾತಾಡಿಕೊಂಡರು. ಅವನು ಮೇಲೆ ಬರಲಿಲ್ಲ. ಗಣಿ ಆಳ, ನೀರು ಮಂಜುಗಡ್ಡೆಯ ಹಾಗೆ. ಹೆಣವೂ ಸಿಗಲಿಲ್ಲ. ಚಳಿಗೆ ಕಾಲು ಸೆಟೆದಿರಬೇಕು ಅಂತ ಊರೆಲ್ಲ ಬರ್ಟಿಗೆ ಹೇಳಿತು. ಅವಳು ತನ್ನ ಬೆರಳುಗಳನ್ನು ನೋಡಿಕೊಂಡು ಕೂತಳು. ಒದ್ದೆ ಚೀಲ ಮುಖಕ್ಕೆ ಮೆತ್ತಿಕೊಂಡಾಗ ಅದನ್ನು ಕಿತ್ತು ತೆಗೆಯಲು ಆಗದ ಹಾಗೆ ಕಟ್ಟಿದವಳು ತಾನು ಅಂತಲೇ ಅವಳ ಎಣಿಕೆ. ಇವತ್ತಿಗೂ.

ಸಿನಿಮಾ ಬಂತು. ಬೇಡಪ್ಪಾ ಅಂತ ಬರ್ಟಿಯ ಅಮ್ಮ ಅತ್ತು ಬೇಡಿಕೊಂಡರೂ ಆ ಕೊನೆಯ ದೃಶ್ಯವನ್ನು ಇಟ್ಟೇ ಬಿಟ್ಟರು. ಜನಕ್ಕೆ ಅದೇ ಇಷ್ಟವಾಯಿತು. ಆಮೇಲೆ ಎರಡು, ಮೂರು, ನಾಲ್ಕು ಅಂತ ಭಾಗಗಳು ಬಂದವು. ಚೀಲದೊಳಗೆ ಬೇರೆ ಬೇರೆ ಯಾರೋ ಬಂದರು. ಆದರೆ ಕಟ್ಟಾ ಅಭಿಮಾನಿಗಳಿಗೆ ಮೊದಲನೆಯವನೇ ಸುಣ್ಣದವ. ಅಂಥವರು ದೂರದೂರದಿಂದ ನಮ್ಮೂರಿಗೆ ಬರುತ್ತಾರೆ, ಬರ್ಟಿಯ ಮನೆ ಹುಡುಕುತ್ತಾರೆ, ತಾವು ತಂದ ಚೀಲ ತಲೆಗೆ ಹಾಕಿಕೊಂಡು ಅವಳಿಗೆ ಬೆನ್ನು ಕೊಟ್ಟು ತಲೆ ತಗ್ಗಿಸುತ್ತಾರೆ. ನೀವೇ ಕಟ್ಟಿ ಆಂಟಿ, ಫೋಟೋ ತೆಗೆಸಿಕೊಳ್ತೀವಿ ಅಂತ. ಬರ್ಟಿ ಕಟ್ಟುತ್ತಾಳೆ. ನಿಮ್ಮಣ್ಣನ ಹಾಗೆ ಯಾರೂ ನಡೆಯಲಾರರು ಅಂತ ಯಾರಾದರೂ ಅಂದರೆ ಅವಳ ಕಣ್ಣು ತುಂಬುತ್ತದೆ. ಒಂದು ಮಾತ್ರ ನೋಡಿ, ಯಾರಿಗೇ ಕಟ್ಟಿದರೂ ಒಂದೇ ಗಂಟು, ಅದರ ಮೇಲೆ ಇನ್ನೊಂದಿಲ್ಲ. ಮತ್ತೆ ಸಿನಿಮಾ ಯಾವ ಭಾಗವೇ ಇರಲಿ, ಕೊನೆಯ ದೃಶ್ಯಕ್ಕೆ ಮೊದಲು ಎದ್ದು ಬಂದುಬಿಡುತ್ತಾಳೆ.

ಅವತ್ತು ಬಂದಿದ್ದದ್ದು ಮೊದಲನೆಯದನ್ನೇ ಹೊಸದಾಗಿ ತೆಗೆದ ಸಿನಿಮಾ. ಗೆಳತಿ ಡಾಟಿಯ ಟ್ರಕ್ಕಿನಲ್ಲಿ ಇಬ್ಬರೂ ಕಂಬಳಿ ಹೊದ್ದು ಕೂತಿದ್ದರು.

"ಓಡ್ತಾನಲ್ಲೇ ಇವನು!" ಬರ್ಟಿ ಪಾಪ್‌ಕಾರ್ನ್ ಡಬ್ಬ ಕುಕ್ಕಿದಳು. "ಸುಣ್ಣದವ ಎಲ್ಲಾದ್ರೂ ಓಡೋದುಂಟಾ?"

"ಈಗಿನ ಹುಡುಗ್ರು ಕಾಯಲ್ಲ ಕಣೆ. ಬೇಗ ಬರ್ಬೇಕು, ಬೇಗ ಕುಯ್ಬೇಕು."

"ಅದೂ ಅಲ್ದೆ ಇವನಿಗೆ ಅವರಪ್ಪ ಚಿಕ್ಕಂದಿನಲ್ಲಿ ಹೊಡೀತಿದ್ದನಂತೆ, ಅದಕ್ಕೇ ಹೀಗಾದನಂತೆ. ಯಾಕೆ ಕೊಲ್ತಾನೆ ಅಂತ ಗೊತ್ತಾದ್ಮೇಲೆ ಹೆದರಿಕೆ ಎಲ್ಲಿಂದ ಬರ್ಬೇಕು?"

"ನಂಗಪ್ಪಾ ನಾಲ್ಕನೇ ಭಾಗಾನೇ ಇಷ್ಟ. ಎಷ್ಟೊಂದು ಹೆಣ!"

"ನಿನ್ನ ರುಚಿಗಿಷ್ಟು ಬೆಂಕಿ ಹಾಕ. ಮೂರನೇ ಭಾಗದಲ್ಲಿ ಅವನ ಬಾಯಲ್ಲಿ ಮಾತಾಡಿಸಿದ್ರು ನೋಡು, ಅವತ್ತೇ ಅವನು ಸತ್ತ."

ಹಾಗಂದವಳು ನಾಲಿಗೆ ಕಚ್ಚಿಕೊಂಡಳು. ಡಾಟಿ ಕಂಬಳಿಯನ್ನು ಅವಳ ಕಡೆಗೆ ಎಳೆದುಕೊಟ್ಟಳು. ತೆರೆಯ ಮೇಲೆ ಗಣಿಯ ನೀರು ಕಾಣಿಸುತ್ತಲೇ ಬರ್ಟಿ ಕಂಬಳಿ ಸರಿಸಿ ಇಳಿದಳು. "ನೀನು ಮುಗಿಸ್ಕೊಂಡು ಬಾ, ನಾನು ನಡ್ಕೊಂಡು ಹೋಗ್ತೀನಿ."

ಹೀಗೆ ಅವಳು ಒಬ್ಬಳೇ ಬೇಲಿಯ ಪಕ್ಕ ಬರುತ್ತಿದ್ದದ್ದು. ಸುಣ್ಣದವ ತೆರೆಗೆ ಬಂದಾಗಲೆಲ್ಲ ಎಲ್ಲ ಗಾಡಿಗಳೂ ಒಟ್ಟಿಗೆ ಹಾರ್ನ್ ಹೊಡೆಯುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಹಿಂದಿನಿಂದ ಪೋಂ... ಅಂತ ಒಂದು ಸಲ ಕೇಳಿಸಿತು. ನಿಂತಿತು.

ಆಗ ಕೇಳಿದ್ದು ಇದು. ಟಪ್... ಸರ್ರ್... ಟಪ್... ಸರ್ರ್...

ಬೇಲಿ ಹರಿದ ಕಡೆ, ಚೀಲ ಹಾಕಿಕೊಂಡವನೊಬ್ಬ ಹೊರಗೆ ಬಂದು ನಿಂತ.

ಬರ್ಟಿಗೆ ಭಯವಾಗಲಿಲ್ಲ. ಹೊಸ ಸಿನಿಮಾದ ಸಂಭ್ರಮಕ್ಕೆ ಅವತ್ತು ಊರಿನಲ್ಲಿ ಅರ್ಧ ಜನ ಚೀಲ ಹಾಕಿಕೊಂಡೇ ಓಡಾಡುತ್ತಿದ್ದರು. ಭಯದ ಬದಲು ಅವಳಿಗೆ ಖುಷಿಯಾಯಿತು. ಅಲ್ಲೇ ಎಡವಟ್ಟಾದದ್ದು.

"ಯಾರಪ್ಪಾ ಅದು?" ಅಂದಳು ಮೆಲ್ಲಗೆ.

ಅವನು ಕಾಲು ಎಳೆದು ಒಂದು ಹೆಜ್ಜೆ ಮುಂದೆ ಬಂದ.

"ಮಾತಾಡಲ್ವಾ? ಭೇಷ್. ಮಾತಾಡ್ಬಾರ್ದು. ಕಾಲು ಎಳೆಯೋದೂ ಕರೆಕ್ಟಾಗಿದೆ ಮರಿ. ಅಂತೂ ನೀನೊಬ್ಬನಾದ್ರೂ ಮೊದಲನೇದನ್ನ ಸರಿಯಾಗಿ ನೋಡಿದೀಯಲ್ಲ."

ಅವನು ಹತ್ತಿರ ಬಂದ. ಟಪ್... ಸರ್ರ್... ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಟ್... ತಟ್... ಎಲೆಯ ಮೇಲೆ.

"ಕೊನೇ ಸೀನಿನ ವೇಷಾನಾ? ಈ ಚಳೀಲಿ ನೆನ್ಕೊಂಡು ಬಂದಿದೀಯಾ? ಹುಚ್ಚು ಮುಂಡೇದೆ, ಜ್ವರ ಬರುತ್ತೆ."

ಅವನು ತಿರುಗಿದ. ಅವಳಿಗೆ ಬೆನ್ನು ಕೊಟ್ಟು ತಲೆ ತಗ್ಗಿಸಿದ.

ಎಷ್ಟು ಹುಡುಗರು ಹಾಗೆ ನಿಂತಿದ್ದಾರೋ ಅವಳ ಮುಂದೆ! ಇವನಿಗೂ ಅದೇ ಆಸೆ ಅಂದುಕೊಂಡಳು. ಕೈ ಹಾಕಿ ನೋಡಿದಳು. ಲಾಡಿ ಒದ್ದೆಯಾಗಿ ಬಿಗಿದುಹೋಗಿತ್ತು. ಆದರೆ ಗಂಟು ಸಡಿಲವಾಗಿತ್ತು, ಬಹಳ ಕಾಲ ಉಗುರಿನಲ್ಲಿ ಗೀರಿ ಗೀರಿ ಬಿಚ್ಚಿದ ಹಾಗೆ. ಇನ್ನೊಂದು ಎಳೆತ ಎಳೆದಿದ್ದರೆ ಬಿಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವನ ಕೈ ಹಿಂದಕ್ಕೆ ಬಂತು, ಗಂಟನ್ನು ಹುಡುಕಿತು. ಬರ್ಟಿ ಆ ಕೈಗೆ ಒಂದು ಪೆಟ್ಟು ಕೊಟ್ಟಳು.

"ಕೈ ತೆಗಿ. ನಾನಿದೀನಲ್ಲ."

ಕೈ ಐಸಿನ ಹಾಗಿತ್ತು. ಬೆರಳುಗಳಲ್ಲಿ ಉಗುರಿರಲಿಲ್ಲ.

"ಉಗುರಿಗೂ ಮೇಕಪ್ಪಾ? ಅದು ಸಿನಿಮಾದಲ್ಲಿ ಇಲ್ವಲ್ಲೋ..."

ಕೈ ಮತ್ತೆ ಬಂತು. ಅವಳು ಮತ್ತೆ ಸರಿಸಿದಳು. ಯಾರಿಗೂ ಒಂದಕ್ಕಿಂತ ಹೆಚ್ಚು ಕಟ್ಟದವಳು, ಅವತ್ತು ಇಷ್ಟೆಲ್ಲ ಸರಿಯಾಗಿ ವೇಷ ಹಾಕಿದ್ದಾನೆ ಅನ್ನುವ ಪ್ರೀತಿಗೆ, ಅಸಲಿಯ ಹಾಗೇ ಇರಲಿ ಅಂತ, ಗಂಟಿನ ಮೇಲೊಂದು ಗಂಟು ಹಾಕಿ ಎಳೆದಳು. ಚೀಲದೊಳಗಿಂದ ಸದ್ದು ಬಂತು. ಮಾತಲ್ಲ. ಒದ್ದೆ ಬಟ್ಟೆಯನ್ನು ಬಾಯಿಗೆ ಎಳೆದುಕೊಂಡ ಹಾಗೆ... ಹುಪ್... ಹುಪ್...

ಅದೇ ಹೊತ್ತಿಗೆ ಟಾಕೀಸಿನಲ್ಲಿ ಎಲ್ಲ ಹಾರ್ನುಗಳೂ ಒಟ್ಟಿಗೆ ಕೂಗಿದವು. ಸಿನಿಮಾ ಮುಗಿದಿತ್ತು. ಮೊದಲು ಹೊರಟ ಗಾಡಿಯ ಬೆಳಕು ತಿರುವಿನಲ್ಲಿ ಬಂದು ಇಬ್ಬರ ಮೇಲೂ ಹಾಯ್ದು ಹೋಯಿತು. ತಲೆ ತಗ್ಗಿಸಿದ್ದಕ್ಕೆ ಕಾಲರು ಕೆಳಗೆ ಜಾರಿತ್ತು. ಚೀಲದ ಅಂಚು ಕಾಣಿಸಿತು.

ನೀಲಿ ದಾರ. ಅವಳದೇ ಹೊಲಿಗೆ.

ಬರ್ಟಿಯ ಬಾಯಿಂದ ಹೆಸರು ಹೊರಡುವಷ್ಟರಲ್ಲಿ ಅವನು ಬೇಲಿ ದಾಟಿದ್ದ. ಟಪ್... ಸರ್ರ್... ಟಪ್... ಸರ್ರ್... ಆಮೇಲೆ ನೀರಿನ ಸದ್ದು. ಹಾರಿದ ಸದ್ದಲ್ಲ. ಒಬ್ಬ ಮನುಷ್ಯ ಮೆಲ್ಲಗೆ ಇಳಿಯುವ ಸದ್ದು. ಸೊಂಟದವರೆಗೆ... ಎದೆಯವರೆಗೆ... ಅವಳು ಲೈಲ್, ಲೈಲ್ ಅಂತ ಕಿರುಚುತ್ತಾ ಬೇಲಿಗೆ ಸಿಕ್ಕಿಕೊಂಡು ನಿಂತಿದ್ದಳು. ಡಾಟಿ ಗಾಡಿ ನಿಲ್ಲಿಸಿ ಬಂದು ಬಿಡಿಸಿದಾಗ ಬರ್ಟಿ ಹೇಳಿದ್ದು ಇಷ್ಟೇ.

"ಬಿಚ್ಚು ಅಂತ ಬಂದಿದ್ದ ಕಣೆ. ಮತ್ತೆ ಕಟ್ಟಿ ಕಳಿಸಿದೆ."

ಆಮೇಲೆ ಅವಳು ಊಟ ಬಿಟ್ಟಳು. ದಿನಾ ರಾತ್ರಿ ಗಣಿಯ ದಡಕ್ಕೆ ಹೋಗುವಳು. ಅವನು ಬರಲಿಲ್ಲ. ಅವನ ಸಿನಿಮಾ ನಡೆಯುವ ರಾತ್ರಿಯೇ ಬರಬೇಕೇನೋ, ಊರೆಲ್ಲ ಚೀಲ ಹಾಕಿದ್ದಾಗ ತನ್ನನ್ನು ಯಾರೂ ತಿರುಗಿ ನೋಡುವುದಿಲ್ಲ ಅಂತ ಅವನಿಗೂ ಗೊತ್ತಿರಬೇಕು, ಅಂದಳು. ಟಾಕೀಸಿನವನ ಬೆನ್ನು ಬಿದ್ದು, ಚಳಿಗಾಲಕ್ಕೆ ಬಾಗಿಲು ಹಾಕುವ ಕೊನೆಯ ರಾತ್ರಿ ಹಳೇ ಸಿನಿಮಾವನ್ನೇ ಹಾಕಿಸಿದಳು. ಅವಳು ಮಾತ್ರ ನೋಡಲು ಹೋಗಲಿಲ್ಲ. ಬೇಲಿ ಹರಿದ ಕಡೆ ಕತ್ತರಿ ಹಿಡಿದು ಕೂತಳು. ಪಕ್ಕದಲ್ಲಿ ಡಾಟಿ. ಡಾಟಿ ಅವತ್ತು ಒಂದೂ ತಮಾಷೆ ಮಾಡಲಿಲ್ಲ.

ಹಾರ್ನುಗಳು ಕೂಗಿದವು. ನಿಂತವು. ಗಾಡಿಗಳೆಲ್ಲ ಹೋದವು. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಯಿತು. ನೀರು ಅಲುಗಾಡಲಿಲ್ಲ.

ಬೆಳಗಿನ ಜಾವ ಇಬ್ಬರೂ ವಾಪಸು ಬಂದರು. ಡಾಟಿ ಕೂಗಿದ್ದು ಕೇಳಿ ನಾನು ಚಪ್ಪಲಿಯೂ ಇಲ್ಲದೆ ಓಡಿದೆ. ಬರ್ಟಿಯ ಮನೆ ಮುಂದಿನ ಹಲಗೆ ಜಗಲಿಯ ಮೇಲೆ, ಬಾಗಿಲಿನ ಮುಂದೆಯೇ, ಸುಣ್ಣದ ನೀರಿನ ಎರಡು ಹೆಜ್ಜೆ. ಒಂದು ಸರಿಯಾಗಿ ಊರಿದ್ದು. ಇನ್ನೊಂದು ಎಳೆದದ್ದು. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಸುತ್ತಲೂ ನೀರು ತೊಟ್ಟಿಕ್ಕಿ ಮಡುಗಟ್ಟಿತ್ತು, ಬಹಳ ಹೊತ್ತು ನಿಂತಿದ್ದವನ ಹಾಗೆ.

"ಬಾಗಿಲು ತಟ್ಟಿರ್ಬೇಕು ಪಾಪ," ಅಂದಳು ಡಾಟಿ ಪಿಸುಮಾತಿನಲ್ಲಿ.

"ತಟ್ಟಿಲ್ಲ ಕಣೆ." ಬರ್ಟಿ ಹಲಗೆಯ ಮೇಲೆ ಕೂತುಬಿಟ್ಟಳು. ಕತ್ತರಿ ಇನ್ನೂ ಕೈಯಲ್ಲಿತ್ತು. "ಬೆರಳು ಯಾವ ಕಡೆ ಇದೆ ನೋಡು."

ಹೊಸ ಸಿನಿಮಾಕ್ಕೆ ಎರಡನೇ ಭಾಗ ಬರುತ್ತದಂತೆ. ಊರೆಲ್ಲ ಬೈಯುತ್ತಿದೆ, ಮತ್ತೆ ಶುರು ಹಚ್ಚಿಕೊಂಡರು ಅಂತ. ಎರಡನೇ ಭಾಗ ಅಂದರೆ ಮೈಯೆಲ್ಲ ಉರಿಯುತ್ತಿದ್ದ ಬರ್ಟಿ ಒಬ್ಬಳೇ ಟಾಕೀಸಿನವನನ್ನು ಕಂಡಾಗಲೆಲ್ಲ ಕೇಳುತ್ತಾಳೆ, ಯಾವಾಗ ಬರುತ್ತೆ, ಯಾವಾಗ ಬರುತ್ತೆ ಅಂತ. ಈಗ ಅವಳು ರಾತ್ರಿ ಎಲ್ಲಿಗೂ ಹೋಗುವುದಿಲ್ಲ. ಬಾಗಿಲಿಗೆ ಚಿಲಕವನ್ನೂ ಹಾಕುವುದಿಲ್ಲ.

ಸುಳ್ಳು ಅನ್ನುವವರು ಬೆಳಗ್ಗೆ ನನ್ನ ಜೊತೆ ಬನ್ನಿ. ಉಜ್ಜಿದೆವು, ಹೋಗಲಿಲ್ಲ. ಮೇಲೆ ಬಣ್ಣ ಬಳಿದೆವು, ಮತ್ತೆ ಎದ್ದು ಬಂತು. ಗಂಟು ಬಿಚ್ಚಲಿ ಅಂತ ಬೆನ್ನು ಕೊಟ್ಟು ನಿಂತವನ ಆ ಹೆಜ್ಜೆ ಇವತ್ತಿಗೂ ಅಲ್ಲೇ ಇದೆ. ಬೆರಳು ಬೀದಿಯ ಕಡೆ, ಹಿಮ್ಮಡಿ ಬಾಗಿಲ ಕಡೆ.