ಸಾವಂತ್ರೆವ್ವ ಸ್ಕೂಟರಿನ ದೀಪ ತಗ್ಗಿಸಿದ್ದು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡಿದರೆ ನೀವು ಆರಾಮಾಗಿ ಗುಡಿಯ ಕಂಬಕ್ಕೆ ಒರಗಿ ಕೂರುತ್ತೀರಿ. ಯಾಕೆ? ತಪ್ಪು ಮಾಡುವವನು ಶ್ರೀಮಂತ, ಪಾಠ ಕಲಿಯುವವನೂ ಅವನೇ, ನಮಗೇನು ಎಂದು. ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ರೊಟ್ಟಿ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಹೆಸರು ಸಾವಂತ್ರೆವ್ವ. ಅವಳ ಹತ್ತಿರ ಒಂದು ಸಣ್ಣ ಸ್ಕೂಟರ್ ಇತ್ತು. ನೋಡಿ, ಈಗ ನೆಟ್ಟಗೆ ಕೂತಿರಿ!

ಸಾವಂತ್ರೆವ್ವನ ಜೋಳದ ರೊಟ್ಟಿ ಇಲ್ಲದೆ ಪಕ್ಕದ ಪೇಟೆಯ ಹಾಸ್ಟೆಲ್ ಹುಡುಗಿಯರಿಗೆ ಊಟ ಸೇರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಅವಳು ರೊಟ್ಟಿ ಬಡಿದು, ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಹೊರಡುತ್ತಿದ್ದಳು. ಊರಿಗೂ ಪೇಟೆಗೂ ನಡುವೆ ಬರೀ ಎರೆಹೊಲ. ಇಕ್ಕಟ್ಟಾದ ರಸ್ತೆ, ಒಂದು ಬದಿಗೆ ಕಾಲುವೆ. ಬೀದಿದೀಪ ಇಲ್ಲ. ಸ್ಕೂಟರಿನ ದೀಪವೋ, ಎಣ್ಣೆ ತೀರಿದ ಹಣತೆಯಂತೆ ಮಿಣುಕುತ್ತಿತ್ತು. ಒಂದು ನಸುಕಿನಲ್ಲಿ ದಾರಿಯಲ್ಲಿ ಮಲಗಿದ್ದ ಎಮ್ಮೆ ಅವಳಿಗೆ ಕಂಡದ್ದು ಗಾಲಿ ಅದರ ಬಾಲದ ಹತ್ತಿರ ಹೋದ ಮೇಲೆ.

ಅದನ್ನು ಕೇಳಿ ಅವಳ ಗಂಡ ಬಸಣ್ಣೆಪ್ಪ ಉಣ್ಣುತ್ತಿದ್ದ ತಾಟನ್ನು ಬದಿಗೆ ಸರಿಸಿದ.

“ನಾಳಿಂದ ನೀ ಹೋಗಬ್ಯಾಡ” ಅಂದ.

“ನಾ ಹೋಗದಿದ್ರ ಆ ಹುಡುಗ್ಯಾರು ಏನ್ ತಿಂತಾರ್ರೀ?” ಅಂದಳು.

ಅವತ್ತೇ ಅವನು ಪೇಟೆಗೆ ಹೋಗಿ, ಒಂದು ಅಂಗಡಿಯಲ್ಲಿ ಕೇಳಿ, ಸ್ಕೂಟರ್ ಕಂಪನಿಯವರು ಹಾಕಿದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ವ್ಯಾಟಿನ ಬೆಳ್ಳನೆಯ ಬಲ್ಬು ತಂದ. ತಾನೇ ಹಾಕಿದ. ದೀಪದ ಮೂತಿಯನ್ನು ತುಸು ಮೇಲಕ್ಕೂ ಎತ್ತಿದ, ದೂರಕ್ಕೆ ಕಾಣಲಿ ಎಂದು. ಅಯ್ಯಯ್ಯೋ, ಏನು ಬೆಳಕು! ಹೊಲದ ಆಚೆಯ ಬೇವಿನ ಮರದ ಎಲೆ ಎಣಿಸಬಹುದಿತ್ತು.

ಇದರಲ್ಲಿ ತಪ್ಪೇನಿದೆ ಹೇಳಿ? ಹೆಂಡತಿ ಸುರಕ್ಷಿತವಾಗಿ ಮನೆಗೆ ಬರಲಿ ಎಂದು ತಂದದ್ದು. ಪ್ರೀತಿಯಿಂದ ತಂದದ್ದು. ಪ್ರೀತಿಯಿಂದಲೇ ತಂದದ್ದು. ಆದರೆ ಆ ಪ್ರೀತಿಗೆ ಸ್ಕೂಟರಿನ ಮೇಲೆ ಕೂತವಳು ಮಾತ್ರ ನೆನಪಿದ್ದಳು. ಎದುರಿಗೆ ಬರುವವರು ನೆನಪಿರಲಿಲ್ಲ.

ಸಾವಂತ್ರೆವ್ವನಿಗೆ ಈಗ ದಾರಿಯ ಒಂದೊಂದು ಕಲ್ಲೂ ಕಾಣುತ್ತಿತ್ತು. ಎದುರಿಗೆ ಬಂದವರು ಕೈ ಎತ್ತುತ್ತಿದ್ದರು. ಇವಳು, ಪಾಪ, ತನ್ನನ್ನು ಮಾತಾಡಿಸುತ್ತಿದ್ದಾರೆ ಎಂದುಕೊಂಡು ತಾನೂ ತಲೆ ಆಡಿಸಿ ಹೋಗುತ್ತಿದ್ದಳು. ನಗಬೇಡಿ. ಅವರು ಕೈ ಎತ್ತಿದ್ದು ಕಣ್ಣು ಮುಚ್ಚಿಕೊಳ್ಳುವುದಕ್ಕೆ.

ಹೀಗೆ ಕೆಲವು ವಾರ ನಡೆಯಿತು. ಊರಿಗೆ ನೀರು ಬಿಡುವ ದ್ಯಾಮಣ್ಣ ಎಂಬವನು ದಿನಾ ನಸುಕಿನಲ್ಲಿ ನೀರಿನ ಟ್ಯಾಂಕಿನ ಕಡೆಗೆ ಸೈಕಲ್ ತುಳಿಯುತ್ತಿದ್ದ. ಒಂದು ದಿನ ಅವನು ಎದುರಿಗೆ ಬಂದ. ಅವನ ಕೈ ಮುಖಕ್ಕೆ ಹೋಯಿತು, ಸೈಕಲ್ ಕಾಲುವೆಗೆ ಹೋಯಿತು. ಕಾಲುವೆಯಲ್ಲಿ ನೀರಿರಲಿಲ್ಲ, ಕಲ್ಲುಗಳಿದ್ದವು.

ಸಾವಂತ್ರೆವ್ವ ಗಾಡಿ ನಿಲ್ಲಿಸಿ ಇಳಿದು ಓಡಿದಳು. ದ್ಯಾಮಣ್ಣನ ಕಾಲು ಮಡಚಿಕೊಂಡಿತ್ತು, ಮೂಳೆ ಮುರಿದಿತ್ತು. ಅಷ್ಟರಲ್ಲಿ ತರಕಾರಿ ಹೇರಿಕೊಂಡ ಟೆಂಪೊ ಬಂತು. ಅದಕ್ಕೆ ಕೈ ಅಡ್ಡ ಹಿಡಿದು, ಅವನನ್ನು ಹತ್ತಿಸಿ, ಹಿಂದೆಯೇ ತಾನೂ ಪೇಟೆಯ ಆಸ್ಪತ್ರೆಗೆ ಹೋದಳು. ಅಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು.

ದ್ಯಾಮಣ್ಣ ಹೇಳಿದ: “ಯಾರೋ ಎದುರಿಗೆ ಬಂದ್ರಿ. ಕಣ್ಣಾಗ ಬೆಂಕಿ ಸುರುವಿದಂಗ ಬೆಳಕು. ರಸ್ತಾನೂ ಕಾಣಲಿಲ್ಲ, ಗಾಡಿನೂ ಕಾಣಲಿಲ್ಲ. ಪುಣ್ಯಕ್ಕ ಹಿಂದಿಂದ ಈ ತಂಗಿ ಬಂದ್ಲು. ಇಲ್ಲಂದ್ರ ನನ್ನ ಕತಿ ಅಲ್ಲೇ ಮುಗೀತಿತ್ತು.” ಹೀಗೆಂದು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. “ನಿನ್ನ ಹೊಟ್ಟಿ ತಣ್ಣಗಿರಲಿ, ತಂಗಿ.”

ಕೇಳಿದಿರಾ? ಅವನಿಗೆ ಗೊತ್ತೇ ಇಲ್ಲ! ಕೆಡವಿದ್ದು ಯಾರೆಂದು ಕಾಣಲಿಲ್ಲ, ಎತ್ತಿದ್ದು ಯಾರೆಂದು ಕಂಡಿತು. ಈಗ ಹೇಳಿ ತಾಯಂದಿರೇ, ಸಾವಂತ್ರೆವ್ವ ಏನು ಮಾಡಬೇಕು? ನೋಡಿದವರು ಯಾರೂ ಇಲ್ಲ. ಮೇಲಾಗಿ ಆಶೀರ್ವಾದ ಬೇರೆ ಸಿಕ್ಕಿದೆ. ಸುಮ್ಮನೆ ಮನೆಗೆ ಹೋದರೆ ಯಾರು ಕೇಳುತ್ತಾರೆ? ನಾವಾಗಿದ್ದರೆ ಹೋಗುತ್ತಿದ್ದೆವೋ ಇಲ್ಲವೋ?

ಅವಳು ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು. ಅವನು ಹಿಡಿದ ಕೈ ಅವಳಿಗೆ ಸುಡುತ್ತಿತ್ತು. ಕೊನೆಗೆ ಒಳಗೆ ಹೋಗಿ ಅವನ ಮಂಚದ ಪಕ್ಕ ನಿಂತಳು.

“ಯಣ್ಣಾ, ನಾ ಹಿಂದಿಂದ ಬಂದಾಕಿ ಅಲ್ಲ. ಎದುರಿಗೆ ಬಂದಾಕಿ. ಆ ಬೆಳಕು ನಂದ.”

ದ್ಯಾಮಣ್ಣನಿಗೆ ಸಿಟ್ಟು ಬರಲಿಲ್ಲವೇ? ಬಂತು. ಬರಬೇಕಾದದ್ದೇ. ಮುಖ ಗೋಡೆಗೆ ತಿರುಗಿಸಿಕೊಂಡ. “ಅಂದ್ರ ನಿನಗ ದಾರಿ ಕಾಣಲಿ ಅಂತ ನನ್ನ ಕಣ್ಣು ಕಟ್ಟಿದಿ” ಅಂದ.

ಅವಳು ಅಳುತ್ತ ನಿಂತಳು. ಅವಳ ಬಿಕ್ಕು ಕೇಳಿ ಅವನು ಈ ಕಡೆ ತಿರುಗಿದ. “ಆ ಲೈಟು ಇನ್ನೂ ಗಾಡ್ಯಾಗ ಐತೇನು?”

“ಐತಿ.”

“ಮತ್ತ ಇಲ್ಲಿ ಯಾಕ ಅಳಕೋತ ನಿಂತಿ? ನಾಳಿ ನಸುಕಿನ್ಯಾಗ ಯಾರರ ಕೂಸಿನ್ನ ಕೂಡ್ರಿಸಿಕೊಂಡು ಎದುರಿಗೆ ಬಂದ್ರ? ಮದಲ ಅದನ್ನ ಬಿಚ್ಚಿಸಿ ಬಾ. ಆಮ್ಯಾಲ ಮಾತಾಡೂಣು.”

ನೋಡಿ, ಎಂಥ ಮನುಷ್ಯ! ಮುರಿದದ್ದು ತನ್ನ ಕಾಲು, ಚಿಂತೆ ಯಾರದೋ ಕೂಸಿನದು.

ಅದೇ ದಿನ ಸಂಜೆ ಗಂಡ ಹೆಂಡತಿ ಇಬ್ಬರೂ ಊರಿನ ಮೆಕ್ಯಾನಿಕ್ ರಾಜೇಸಾಬನ ಗ್ಯಾರೇಜಿಗೆ ಹೋದರು. ಅಲ್ಲಿ ಬಸಣ್ಣೆಪ್ಪ ಜಗಳಕ್ಕೇ ನಿಂತ. “ಇದನ್ನ ತಗದು ಮತ್ತ ಆ ಮಿಣುಕ ದೀಪ ಹಾಕಿದ್ರ ನನ್ನ ಹೇಣ್ತಿ ಬೀಳ್ತಾಳ. ಅಕಿ ಬೀಳಬೇಕೋ, ಎದುರಿನಾವ ಬೀಳಬೇಕೋ?”

ರಾಜೇಸಾಬ ನಕ್ಕ. “ಯಾರು ಬೀಳಬೇಕು ಅಂತ ಯಾಕ ಕೇಳ್ತಿ ಬಸಣ್ಣೆಪ್ಪಣ್ಣ? ಯಾರೂ ಬೀಳಬಾರ್ದು. ನೀ ಒಂದಿಷ್ಟು ಆ ಕಡೆ ಹೋಗಿ ಎದುರಿನಿಂದ ನಡಕೋತ ಬಾ.”

ಮುಸ್ಸಂಜೆ ಕವಿದಿತ್ತು. ಸಾವಂತ್ರೆವ್ವ ಸ್ಕೂಟರಿನ ಮೇಲೆ ಕೂತು ದೀಪ ಹಾಕಿದಳು. ಬಸಣ್ಣೆಪ್ಪ ಎದುರಿನಿಂದ ನಡೆದು ಬಂದ. ಕೆಲವು ಹೆಜ್ಜೆ ಬರುವಷ್ಟರಲ್ಲಿ ಕೈ ಮುಖಕ್ಕೆ ಹೋಯಿತು, ಕಾಲು ನೆಲದಲ್ಲಿದ್ದ ಹಳೆಯ ಟೈರಿಗೆ ತಾಕಿತು, ಮುಗ್ಗರಿಸಿ ಮೊಣಕಾಲೂರಿ ಬಿದ್ದ. ಎದ್ದವನು ತಾನೇ ಹೋಗಿ ಸ್ವಿಚ್ ಆರಿಸಿದ. “ಇದನ್ನ ತಗೀ ಮಾರಾಯಾ” ಅಂದ.

ರಾಜೇಸಾಬ ದೀಪ ಬಿಚ್ಚಿ ತೋರಿಸಿದ. “ಇಲ್ಲಿ ನೋಡು, ಬಲ್ಬಿನ ಕಾವಿಗೆ ಹೋಲ್ಡರ್ ಕರಗಾಕತ್ತೈತಿ. ವೈರ್ ಸುಟ್ಟಿದ್ರ ನಡುದಾರ್ಯಾಗ ಪೂರಾ ಕತ್ತಲ. ಇಂಥಾವನ್ನ ರಸ್ತಾದ ಮ್ಯಾಲ ಹಚ್ಚಾಕ ಕಾಯಿದೆ ಒಪ್ಪೂದಿಲ್ಲ. ಹಿಡದ್ರ ದಂಡ ಹಾಕ್ತಾರ.” ಮೊದಲಿನ ದೀಪ ಯಾಕೆ ಮಂಕಾಗಿತ್ತೆಂದೂ ಹೇಳಿದ. ಮುಂದಿನ ಗಾಜು ಬಿಸಿಲಿಗೆ ಹಳದಿಯಾಗಿತ್ತು, ಒಳಗಿನ ಕನ್ನಡಿಯ ಹೊಳಪು ಹೋಗಿತ್ತು, ವೈರಿನ ಜೋಡಣೆಗೆ ಕಿಲುಬು ಹಿಡಿದಿತ್ತು. ಬಲ್ಬಿನದೇನೂ ತಪ್ಪಿರಲಿಲ್ಲ! ಅವನು ಅದೇ ಸ್ಕೂಟರಿಗೆಂದೇ ಮಾಡಿದ, ಗಾಜು ಕನ್ನಡಿ ಎಲ್ಲ ಸೇರಿದ ಹೊಸ ದೀಪದ ಡೂಮು ಹಾಕಿ, ಕಂಪನಿ ಹೇಳಿದಷ್ಟೇ ವ್ಯಾಟಿನ, ಮಾನ್ಯತೆಯ ಗುರುತಿದ್ದ ಒಳ್ಳೆಯ ಬಲ್ಬು ಕೂರಿಸಿ, ಸುಟ್ಟ ಹೋಲ್ಡರ್ ಬದಲಿಸಿ, ಕಿಲುಬು ಉಜ್ಜಿದ.

“ಈಗ ರೊಟ್ಟಿ ಬುಟ್ಟಿ ತುಂಬಿ ತರ್ರಿ ಅಕ್ಕಾರ.”

“ಯಾಕೋ ತಮ್ಮಾ, ಹಸಿವಾತೇನು?”

“ಹಸಿವಿಗಲ್ರೀ. ಹಿಂದ ಭಾರ ಬಿದ್ರ ಗಾಡಿ ಮೂತಿ ಮ್ಯಾಲ ಏಳ್ತೈತಿ. ಖಾಲಿ ಗಾಡಿಗೆ ಹೊಂದಿಸಿದ ಲೈಟು, ಬುಟ್ಟಿ ಹೇರಿದ ಮ್ಯಾಲ ಮಂದಿ ಕಣ್ಣಿಗೆ ಹೊಡೀತೈತಿ.”

ಬುಟ್ಟಿ ಬಂತು. ಸಮನೆಲದಲ್ಲಿ ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲಿಸಿ, ಅವಳನ್ನು ಕೂರಿಸಿ, ‘ಡಿಪ್’ ಎನ್ನುವ ತಗ್ಗುಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳುವವರೆಗೆ ಸ್ಕ್ರೂ ತಿರುಗಿಸಿದ. ಆಮೇಲೆ ಬಸಣ್ಣೆಪ್ಪ ಮತ್ತೆ ಎದುರಿನಿಂದ ನಡೆದು ಬಂದ. ಈ ಸಲ ಟೈರು ದಾಟಿ ನೆಟ್ಟಗೆ ಬಂದು ಹೆಂಡತಿಯ ಮುಂದೆ ನಿಂತ.

“ನಿನಗ ರಸ್ತಾ ಕಾಣ್ತೈತಿ?” ಅಂದ.

“ಚಲೋ ಕಾಣ್ತೈತಿ. ನಿಮಗ?”

“ನನಗ ರಸ್ತಾನೂ ಕಾಣ್ತೈತಿ, ನೀನೂ ಕಾಣ್ತಿ.”

ದ್ಯಾಮಣ್ಣನ ಕಾಲು ಕೂಡಿಬರುವವರೆಗೆ ಅವನ ಮನೆಗೆ ರೊಟ್ಟಿ ಸಾವಂತ್ರೆವ್ವನದು. ಸೈಕಲ್ ರಿಪೇರಿ ಬಸಣ್ಣೆಪ್ಪನದು. ಯಾರೂ ಕೇಳಿರಲಿಲ್ಲ, ಅವರೇ ಮಾಡಿದರು. ಅವನು ಮತ್ತೆ ಕೆಲಸಕ್ಕೆ ಹೊರಟ ಮೊದಲ ನಸುಕಿನಲ್ಲಿ, ಅದೇ ಕಾಲುವೆಯ ದಾರಿಯಲ್ಲಿ, ಎದುರಿಗೆ ಒಂದು ಬೆಳಕು ಬಂತು. ದ್ಯಾಮಣ್ಣ ಬ್ರೇಕ್ ಒತ್ತಿ ಸೈಕಲ್ ನಿಲ್ಲಿಸಿಬಿಟ್ಟ. ದೂರದಲ್ಲೇ ಬೆಳಕು ತಗ್ಗಿತು. ಗಾಡಿಯ ವೇಗವೂ ತಗ್ಗಿತು.

“ತಂಗೀ, ನೀನೇನು? ದೂರಿಂದನ ಗುರ್ತು ಸಿಕ್ತು ನೋಡು!” ಅಂದ. ಹೆದರಿ ನಿಂತವನು ನಗುತ್ತ ಪೆಡಲು ತುಳಿದ.

ಈಗ ನಿಮ್ಮ ಸರದಿ. ಇವತ್ತು ಮನೆಗೆ ಹೋದ ಕೂಡಲೇ ಗಾಡಿಯ ದೀಪದ ಗಾಜು ಒರೆಸಿ. ದಿನಾ ಹೇರುವ ಭಾರ ಹೇರಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆಳಕು ಎಲ್ಲಿ ಬೀಳುತ್ತದೆ ನೋಡಿ. ಮಂಕಾಗಿದೆಯೇ? ಹಾಗೇ ಓಡಿಸಬೇಡಿ, ಅದೂ ತಪ್ಪೇ. ತಿಳಿದವರ ಹತ್ತಿರ ಹೋಗಿ ನಿಮ್ಮ ಗಾಡಿಗೆ ತಕ್ಕದ್ದನ್ನು, ಕಾಯಿದೆ ಒಪ್ಪುವುದನ್ನು ಹಾಕಿಸಿ. ಕಣ್ಣು ಕುಕ್ಕುವಂಥದ್ದನ್ನು ಈಗಾಗಲೇ ಹಾಕಿಸಿದ್ದೀರಾ? ನಾಚಿಕೆ ಪಡುತ್ತ ಕೂರಬೇಡಿ, ನಾಳೆ ಬಿಚ್ಚಿಸಿ. ಗಾಡಿ ಇಲ್ಲದವರು ತಪ್ಪಿಸಿಕೊಂಡೆವು ಎಂದುಕೊಳ್ಳಬೇಡಿ. ಮನೆಯಲ್ಲಿ ಸೊಸೆಗೆ ಬುದ್ಧಿ ಹೇಳುವಾಗ, ಮಗನ ತಪ್ಪು ತೋರಿಸುವಾಗ, ಅವರಿಗೆ ದಾರಿ ಕಾಣುವಂತೆ ಹೇಳುತ್ತೀರೋ, ಕಣ್ಣು ಕತ್ತಲೆ ಬರುವಂತೆ ಹೇಳುತ್ತೀರೋ, ಒಮ್ಮೆ ಎದುರಿಗೆ ನಿಂತು ನೋಡಿ.

ಇನ್ನು ದಾರಿಯಲ್ಲಿ ಹೋಗುವಾಗ, ನಿಮ್ಮ ಎಡಗೈ ಹೆಬ್ಬೆರಳಿನ ಹತ್ತಿರ ಒಂದು ಸಣ್ಣ ಸ್ವಿಚ್ ಇದೆ. ಎದುರಿಗೆ ಯಾರಾದರೂ ಬಂದರೆ ಅದನ್ನು ಒತ್ತಿ ಬೆಳಕು ತಗ್ಗಿಸಿ. ಬರುವವರು ಯಾರು, ಯಾವ ಊರಿನವರು ಎಂದು ಕೇಳಬೇಡಿ. ಅವರೂ ಮನೆ ಸೇರಬೇಕಾದವರೇ.